ಹಾಲಿನ ಡೈರಿಯ ಜಗುಲಿಯಲ್ಲಿ ಮಾತ್ರೆಯ ಚೀಲ

ನಿವೃತ್ತನಾಗಿ ಊರಿಗೆ ಮರಳಿದ ಮೊದಲ ವರ್ಷ ನಾನು ಸೇವೆಯೆಂದು ನಂಬಿ ಮಾಡಿದ ಕೆಲಸದಿಂದ ಒಳಿತಿಗಿಂತ ಗೊಂದಲವೇ ಹೆಚ್ಚಾಯಿತು. ಆ ಗೊಂದಲವನ್ನು ಹೇಳದೆ ನಂತರದ ಕೆಲಸವನ್ನು ಹೇಳಿದರೆ ನನ್ನ ಅನುಭವದ ಅರ್ಧಭಾಗ ಬಿಟ್ಟುಹೋಗುತ್ತದೆಯಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನನ್ನ ಊರು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಲ್ಲಿದೆ. ಮನೆಯ ಮಾಳಿಗೆಯ ಮೇಲೆ ನಿಂತರೆ ಆವಣಿ ಬೆಟ್ಟ ಕಾಣುತ್ತದೆ. 1977ರಲ್ಲಿ ಬಿ.ಎಸ್ಸಿ. ಮುಗಿಸಿ ಒಂದು ಔಷಧ ಕಂಪನಿಯಲ್ಲಿ ಪ್ರತಿನಿಧಿಯಾಗಿ ಸೇರಿದಾಗ ನನಗೆ ಸಿಕ್ಕಿದ್ದು ಇದೇ ಸೀಮೆ: ಕೋಲಾರ, ಚಿಂತಾಮಣಿ, ಮುಳಬಾಗಿಲು ಮತ್ತು ಆಗಿನ್ನೂ ಗಣಿಗಳು ನಡೆಯುತ್ತಿದ್ದ ಕೆ.ಜಿ.ಎಫ್. ಚರ್ಮದ ಬ್ಯಾಗು ಹಿಡಿದು ಬಸ್ಸಿನಿಂದ ಬಸ್ಸಿಗೆ ಹತ್ತಿಳಿಯುತ್ತಾ, ವೈದ್ಯರ ಕೋಣೆಯ ಹೊರಗೆ ರೋಗಿಗಳ ನಡುವೆ ಕಾಯುತ್ತಾ ಕಳೆದ ಆ ವರ್ಷಗಳಲ್ಲಿ ರಕ್ತದೊತ್ತಡಕ್ಕೆಂದು ನಾವು ಹೇಳುತ್ತಿದ್ದುದು ಮೀಥೈಲ್‌ಡೋಪಾ, ಪ್ರೊಪ್ರನೊಲಾಲ್‌ನಂತಹ ಕೆಲವೇ ಔಷಧಗಳನ್ನು. ದಿನಕ್ಕೆ ಒಂದೇ ಮಾತ್ರೆ ಸಾಕಾಗುವ ಕಾಲ ಆಮೇಲೆ ಬಂದಿತು. ಮುಂದೆ ಪ್ರಾದೇಶಿಕ ವ್ಯವಸ್ಥಾಪಕನಾಗಿ, ಕೊನೆಯ ಹನ್ನೊಂದು ವರ್ಷ ಮಾರಾಟ ವಿಭಾಗದ ಮುಖ್ಯಸ್ಥನಾಗಿ ಬೆಂಗಳೂರು ಮತ್ತು ಮುಂಬಯಿಗಳಲ್ಲಿ ಕೆಲಸ ಮಾಡಿ 2014ರಲ್ಲಿ ನಿವೃತ್ತನಾದೆ. ಅಷ್ಟು ವರ್ಷಗಳಲ್ಲಿ ನಾನು ಅಂಕಿಗಳಲ್ಲಿ ನೋಡುತ್ತಿದ್ದುದು ಮಾರಾಟವಾದ ಸ್ಟ್ರಿಪ್ಪುಗಳನ್ನು ಮಾತ್ರ. ಮಾರಾಟವಾದ ಮಾತ್ರೆ ಯಾರ ಮನೆಗೆ ಹೋಯಿತು, ಅದನ್ನು ಅವರು ಹೇಗೆ ನುಂಗಿದರು ಎಂಬುದನ್ನು ತಿಳಿಸುವ ಅಂಕಣ ನಮ್ಮ ಯಾವ ವರದಿಯಲ್ಲಿಯೂ ಇರಲಿಲ್ಲ.

ಊರಿಗೆ ಬಂದ ಮೇಲೆ ಹಳೆಯ ಪರಿಚಯಗಳನ್ನು ಬಳಸಿಕೊಂಡು ಉಚಿತ ಆರೋಗ್ಯ ಶಿಬಿರಗಳನ್ನು ಏರ್ಪಡಿಸಿದೆ. ಬೆಂಗಳೂರಿನಿಂದ ವೈದ್ಯರು ಬಂದರು, ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿದೆವು, ಸುತ್ತಲಿನ ಹಳ್ಳಿಗಳ ಜನ ಸಾಲುಗಟ್ಟಿದರು. ಕೊಡಲು ಬೇಕಾದ ಔಷಧಗಳಿಗಾಗಿ ಹಳೆಯ ಸಹೋದ್ಯೋಗಿಗಳನ್ನು ಕೇಳಿದೆ. ಅವರು ಪ್ರೀತಿಯಿಂದ ವೈದ್ಯರಿಗೆಂದು ಇಟ್ಟಿದ್ದ ಮಾದರಿ ಸ್ಟ್ರಿಪ್ಪುಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ಕಳಿಸಿದರು. ಬಿ.ಪಿ. ಇದ್ದವರಿಗೆ ಹದಿನೈದು ದಿನದ ಮಾತ್ರೆ ಕೊಟ್ಟೆವು. ಮೂರು ತಿಂಗಳ ಬಳಿಕ ಇನ್ನೊಂದು ಶಿಬಿರ ಮಾಡಿದಾಗ ಸಿಕ್ಕಿದ ಮಾದರಿಗಳು ಬೇರೆ ಕಂಪನಿಯವು. ಔಷಧ ಅದೇ, ಹೆಸರು ಬೇರೆ, ಬಣ್ಣ ಬೇರೆ. ಆ ದಿನ ನಮ್ಮ ಬೀದಿಯ ಒಬ್ಬ ಅಜ್ಜಿ ತನ್ನ ಸೆರಗಿನ ಗಂಟು ಬಿಚ್ಚಿ ಮೊದಲ ಶಿಬಿರದ ಸ್ಟ್ರಿಪ್ಪನ್ನು ತೋರಿಸಿದರು. ಅದರಲ್ಲಿ ಇನ್ನೂ ನಾಲ್ಕು ಮಾತ್ರೆ ಉಳಿದಿದ್ದವು. ತಲೆ ಸುತ್ತಿದ ದಿನ ಮಾತ್ರ ಒಂದೊಂದನ್ನು ನುಂಗಿ, ಮುಗಿದುಹೋದರೆ ಮತ್ತೆ ಸಿಗುವುದಿಲ್ಲವೆಂದು ಉಳಿದದ್ದನ್ನು ಜೋಪಾನ ಮಾಡಿಟ್ಟಿದ್ದರು. ಅದರ ಪಕ್ಕದಲ್ಲಿ ನಾವು ಆಗತಾನೆ ಕೊಟ್ಟಿದ್ದ ಹೊಸ ಸ್ಟ್ರಿಪ್ಪು ಇತ್ತು. ‘ಇದು ತಲೆನೋವಿಂದಾ, ಅದು ಬಿ.ಪಿ.ದಾ?’ ಎಂದು ಕೇಳಿದರು. ಎರಡೂ ಒಂದೇ ಎಂದು ನಾನು ಹೇಳದಿದ್ದರೆ ಅವರು ಎರಡನ್ನೂ ನುಂಗುತ್ತಿದ್ದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ರಕ್ತದೊತ್ತಡಕ್ಕೆ ಹದಿನೈದು ದಿನದ ಮಾತ್ರೆ ಕೊಟ್ಟು ಹೊರಟುಹೋಗುವುದು ಚಿಕಿತ್ಸೆಯಲ್ಲವೆಂಬುದು ಮೂವತ್ತೇಳು ವರ್ಷ ಆ ಔಷಧಗಳನ್ನು ವಿವರಿಸಿದ ನನಗೆ ತಿಳಿಯದ ವಿಷಯವಾಗಿರಲಿಲ್ಲ. ತಿಳಿದಿದ್ದೂ ಸಾಲು ಉದ್ದವಾಗಿದೆಯೆಂಬ ಸಂತೋಷದಲ್ಲಿ ಅದನ್ನು ಮರೆತಿದ್ದೆ. ಅಂದಿನಿಂದ ಶಿಬಿರ ನಿಲ್ಲಿಸಿದೆ. ಕೊಡುವುದನ್ನು ಬಿಟ್ಟು, ಜನರ ಬಳಿ ಈಗಾಗಲೇ ಏನಿದೆ ಎಂಬುದನ್ನು ನೋಡಬೇಕೆನಿಸಿತು.

ನೋಡುವುದಕ್ಕೆ ಒಂದು ಜಾಗ ಬೇಕಿತ್ತು. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷವೂ ಮನೆ ನಡೆಯುವುದು ಹಾಲಿನಿಂದ, ಆದ್ದರಿಂದ ಬೆಳಿಗ್ಗೆ ಆರರಿಂದ ಏಳರವರೆಗೆ ಹಳ್ಳಿಯ ಪ್ರತಿ ಮನೆಯಿಂದ ಒಬ್ಬರಾದರೂ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿರುತ್ತಾರೆ. ಸಂಘದ ಕಾರ್ಯದರ್ಶಿಯ ಒಪ್ಪಿಗೆ ಪಡೆದು 2015ರ ಯುಗಾದಿ ಕಳೆದ ಮೇಲೆ ಒಂದು ಮಂಗಳವಾರ ಅಲ್ಲಿನ ಜಗುಲಿಯ ಮೇಲೆ ಚಾಪೆ ಹಾಸಿಕೊಂಡು ಕುಳಿತೆ. ‘ಮನೆಯಲ್ಲಿರುವ ಮಾತ್ರೆಗಳನ್ನೆಲ್ಲಾ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ತಿನ್ನುತ್ತಿರುವುದು, ಬಿಟ್ಟಿರುವುದು, ಪಕ್ಕದ ಮನೆಯವರು ಕೊಟ್ಟದ್ದು, ಎಲ್ಲವೂ ಇರಲಿ’ ಎಂದು ಹಿಂದಿನ ವಾರವೇ ಹೇಳಿಸಿದ್ದೆ. ಮೊದಲ ದಿನ ಬಂದವರು ಆರು ಮಂದಿ. ನಮ್ಮದು ಗಡಿ ಸೀಮೆ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಮಾತ್ರೆಗೆ ‘ಬಿಳ್ಳ’ ಎನ್ನುವವರೇ ಹೆಚ್ಚು. ಅವರ ಮಾತಿನಲ್ಲಿಯೇ ಕೇಳಿದೆ: ಇದು ಯಾತರ ಬಿಳ್ಳ, ಯಾವಾಗ ನುಂಗುತ್ತೀರಿ, ಯಾರು ಹೇಳಿದರು? ಈ ಮೂರು ಪ್ರಶ್ನೆಗಳಿಗಿಂತ ಹೆಚ್ಚಿನದನ್ನು ಇಂದಿಗೂ ಮೊದಲ ಭೇಟಿಯಲ್ಲಿ ನಾನು ಕೇಳುವುದಿಲ್ಲ.

ಕುಳಿತುಕೊಳ್ಳುವ ಮೊದಲು ನಾನು ನನಗೇ ಹಾಕಿಕೊಂಡ ಕಟ್ಟುಪಾಡುಗಳನ್ನು ಹೇಳಬೇಕು, ಏಕೆಂದರೆ ಇಂತಹ ಕೆಲಸಕ್ಕೆ ಇಳಿಯುವ ನಿವೃತ್ತರು ಎಡವುವುದು ಇಲ್ಲಿಯೇ. ನಾನು ವೈದ್ಯನಲ್ಲ. 1948ರ ಫಾರ್ಮಸಿ ಕಾಯ್ದೆಯ ಪ್ರಕಾರ ವೈದ್ಯರ ಚೀಟಿಗೆ ಔಷಧ ವಿತರಿಸುವ ಅಧಿಕಾರವಿರುವುದು ನೋಂದಾಯಿತ ಫಾರ್ಮಸಿಸ್ಟರಿಗೆ. ನಾನು ಅದೂ ಅಲ್ಲ. ಔಷಧ ಕಂಪನಿಯಲ್ಲಿ ಎಷ್ಟೇ ದೊಡ್ಡ ಹುದ್ದೆಯಲ್ಲಿದ್ದರೂ ಮಾರಾಟದವನಿಗೆ ಈ ಎರಡರಲ್ಲಿ ಯಾವ ಅಧಿಕಾರವೂ ಬರುವುದಿಲ್ಲ. ಆದ್ದರಿಂದ ಒಂದೇ ಒಂದು ಮಾತ್ರೆಯನ್ನೂ ನನ್ನ ಕೈಯಿಂದ ಕೊಡುವುದಿಲ್ಲ, ಯಾವ ಮಾತ್ರೆಯನ್ನೂ ನಿಲ್ಲಿಸಿ ಎನ್ನುವುದಿಲ್ಲ, ಪ್ರಮಾಣ ಹೆಚ್ಚು ಕಡಿಮೆ ಮಾಡಲು ಹೇಳುವುದಿಲ್ಲ. ಚೀಲದಲ್ಲಿ ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆಯುತ್ತೇನೆ: ಬ್ರಾಂಡಿನ ಹೆಸರು, ಅದರೊಳಗಿನ ಔಷಧದ ಹೆಸರು, ಮಿಲಿಗ್ರಾಂ, ರೋಗಿ ಅದನ್ನು ನಿಜವಾಗಿ ಹೇಗೆ ತೆಗೆದುಕೊಳ್ಳುತ್ತಿದ್ದಾರೆ ಎಂಬ ವಿವರ. ಎರಡರಲ್ಲಿ ಒಂದೇ ಔಷಧವಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇನೆ. ಆ ಹಾಳೆಯನ್ನು ಅವರು ತಮ್ಮ ವೈದ್ಯರಿಗೆ ತೋರಿಸಬೇಕು, ತೀರ್ಮಾನ ವೈದ್ಯರದು. ತುರ್ತೆನಿಸಿದರೆ ಜೊತೆಯಲ್ಲಿ ನಾನೇ ಹೋಗುತ್ತೇನೆ.

ಚೀಲಗಳಲ್ಲಿ ಕಂಡದ್ದು ನನ್ನನ್ನು ಬೆರಗುಗೊಳಿಸಿತು. ಅತಿ ಹೆಚ್ಚಾಗಿ ಕಂಡದ್ದು ಒಂದೇ ಔಷಧ ಎರಡು ಹೆಸರಿನಲ್ಲಿ ಇರುವುದು. ಸಕ್ಕರೆ ಕಾಯಿಲೆಯಿದ್ದ ಒಬ್ಬ ರೈತರು ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟ ಗ್ಲಿಮೆಪಿರೈಡ್ ಮಾತ್ರೆಯನ್ನು ಬೆಳಿಗ್ಗೆ ನುಂಗುತ್ತಿದ್ದರು. ಮಗಳ ಮದುವೆಯ ಹೊತ್ತಿಗೆ ಖಾಸಗಿ ವೈದ್ಯರೊಬ್ಬರ ಬಳಿ ಹೋದಾಗ ಹಳೆಯ ಚೀಟಿ ತೋರಿಸದ ಕಾರಣ, ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎರಡೂ ಸೇರಿದ ಇನ್ನೊಂದು ಮಾತ್ರೆ ಸೇರಿಕೊಂಡಿತು. ಟೊಮೆಟೊ ತೋಟದಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ಬೆವರಿ, ಕೈ ನಡುಗಿ, ಕಣ್ಣು ಕತ್ತಲಿಟ್ಟು ಕೂತುಬಿಡುತ್ತಿದ್ದರು. ಮನೆಯವರು ದೃಷ್ಟಿ ತೆಗೆಸಿದ್ದರು. ಅದು ರಕ್ತದಲ್ಲಿ ಸಕ್ಕರೆ ವಿಪರೀತ ಇಳಿಯುವ ಲಕ್ಷಣ. ಅದೇ ದಿನ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆ; ವೈದ್ಯರು ಒಂದನ್ನು ನಿಲ್ಲಿಸಿದರು; ಬೆವರು, ನಡುಕ ನಿಂತವು. ಅವರ ಕಾಯಿಲೆಗೆ ಹೊಸ ಔಷಧ ಬೇಕಾಗಿರಲಿಲ್ಲ, ಇದ್ದ ಎರಡನ್ನು ಒಟ್ಟಿಗೆ ಒಬ್ಬರು ನೋಡಬೇಕಾಗಿತ್ತು.

ಇನ್ನೊಂದು ಬಗೆ ಇದಕ್ಕಿಂತ ಸೂಕ್ಷ್ಮವಾದದ್ದು. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಪಾದದ ಹರಡಿನ ಬಳಿ ಊತ ಬರುತ್ತದೆ. ಅದು ಆ ಔಷಧದ ತಿಳಿದ ಅಡ್ಡಪರಿಣಾಮ. ಊತವನ್ನು ಕಂಡ ರೋಗಿ ಇನ್ನೊಬ್ಬರ ಬಳಿ ಹೋಗಿ, ಕಾಲು ಊದಿದೆ ಎಂದಷ್ಟೇ ಹೇಳಿದರೆ ಮೂತ್ರ ಹೆಚ್ಚಿಸುವ ಮಾತ್ರೆ ಸೇರುತ್ತದೆ. ಅದರಿಂದ ಸುಸ್ತಾದರೆ ಶಕ್ತಿಗೆಂದು ಟಾನಿಕ್ ಸೇರುತ್ತದೆ. ಹೀಗೆ ಒಂದು ಮಾತ್ರೆ ಮೂರಾದ ಚೀಲಗಳನ್ನು ನಾನು ಹಲವು ಬಾರಿ ಬಿಚ್ಚಿದ್ದೇನೆ. ಥೈರಾಯ್ಡ್ ಮಾತ್ರೆಯನ್ನು ಕಾಫಿಯ ಜೊತೆಗೆ ನುಂಗುವುದು, ಕಬ್ಬಿಣಾಂಶದ ಮಾತ್ರೆಯನ್ನು ಟೀ ಕುಡಿದ ಕೂಡಲೇ ನುಂಗುವುದು, ಒಂದು ಲೀಟರ್ ನೀರಿಗೆ ಬೆರೆಸಬೇಕಾದ ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೋಟಕ್ಕೆ ಬೆರೆಸಿ ಮಗುವಿಗೆ ಕುಡಿಸುವುದು, ಇವೆಲ್ಲ ಒಂದೊಂದು ಮಾತಿನಲ್ಲಿ ಸರಿಹೋಗುವಂಥವು. ಆ ಮಾತನ್ನು ಹೇಳಲು ಆಸ್ಪತ್ರೆಯ ಸಾಲಿನಲ್ಲಿ ಯಾರಿಗೂ ಸಮಯವಿರುವುದಿಲ್ಲ.

ಇನ್ಸುಲಿನ್ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ನನ್ನ ಕೆಲಸದಲ್ಲಿ ಅತ್ಯಂತ ಹೆಚ್ಚು ಶ್ರಮ ಬೇಡಿದ್ದು ಅದು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಸೀಸೆಯಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್ ಬಳಸಬೇಕು. 100 ಯೂನಿಟ್ ಅಳತೆಯ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. 40ರ ಸೀಸೆಯಿಂದ 100ರ ಸಿರಿಂಜಿನಲ್ಲಿ ಇಪ್ಪತ್ತರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು ಇಪ್ಪತ್ತಲ್ಲ, ಎಂಟು ಯೂನಿಟ್. ಒಬ್ಬ ತಾಯಿ ಹಲವು ತಿಂಗಳಿಂದ ಹೀಗೆ ಮಾಡುತ್ತಿದ್ದರು. ಅಂಗಡಿಯಲ್ಲಿ ಆ ದಿನ ಯಾವುದಿತ್ತೋ ಅದನ್ನು ಕೊಟ್ಟಿದ್ದರು. ಸಕ್ಕರೆ ಇಳಿಯಲಿಲ್ಲವೆಂದು ಪ್ರಮಾಣ ಹೆಚ್ಚಿಸುತ್ತಲೇ ಬರಲಾಗಿತ್ತು. ಇದು ಎಷ್ಟು ಅಪಾಯದ ಸ್ಥಿತಿಯೆಂದರೆ, ಹೆಚ್ಚಿಸಿದ ಪ್ರಮಾಣವನ್ನು ಹಾಗೆಯೇ ಇಟ್ಟು ಸಿರಿಂಜ್ ಮಾತ್ರ ಸರಿಪಡಿಸಿದ್ದರೆ ಒಂದೇ ಚುಚ್ಚಿಗೆ ಎರಡೂವರೆ ಪಟ್ಟು ಇನ್ಸುಲಿನ್ ಹೋಗಿ ಪ್ರಾಣಕ್ಕೇ ಕುತ್ತಾಗುತ್ತಿತ್ತು. ಆದ್ದರಿಂದ ಸಿರಿಂಜ್ ಬದಲಿಸಿ ಎಂದು ಜಗುಲಿಯ ಮೇಲೆ ಹೇಳದೆ, ಸೀಸೆ, ಸಿರಿಂಜ್ ಎರಡನ್ನೂ ತೆಗೆದುಕೊಂಡು ಅವರೊಂದಿಗೆ ಕೋಲಾರಕ್ಕೆ ಹೋಗಿ ವೈದ್ಯರ ಮುಂದಿಟ್ಟು, ಹೊಸ ಪ್ರಮಾಣ ಬರೆಸಿಕೊಂಡು ಬಂದೆವು.

ಸಂಗ್ರಹಿಸುವುದು ಇನ್ನೊಂದು ತೊಡಕು. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು; ಹೆಪ್ಪುಗಟ್ಟಿದರೆ ಇನ್ಸುಲಿನ್ ಕೆಟ್ಟಂತೆ, ಕರಗಿಸಿದರೂ ಉಪಯೋಗಕ್ಕೆ ಬರುವುದಿಲ್ಲ. ತಣ್ಣಗಿರಬೇಕೆಂದು ಕೇಳಿದವರು ಹೆಚ್ಚು ತಣ್ಣಗಿದ್ದರೆ ಹೆಚ್ಚು ಒಳ್ಳೆಯದೆಂದು ಐಸ್ ಪೆಟ್ಟಿಗೆಯಲ್ಲೇ ಇಟ್ಟಿರುವುದನ್ನು ಕಂಡಿದ್ದೇನೆ. ಫ್ರಿಜ್ ಇಲ್ಲದ ಮನೆಗಳಿಗೆ ನಾವು ಕುಂಬಾರರಿಂದ ಎರಡು ಮಣ್ಣಿನ ಮಡಕೆ ತರಿಸುತ್ತೇವೆ: ದೊಡ್ಡದರೊಳಗೆ ಚಿಕ್ಕದನ್ನಿಟ್ಟು ನಡುವೆ ಮರಳು ತುಂಬಿ, ಮರಳಿಗೆ ದಿನಕ್ಕೆರಡು ಬಾರಿ ನೀರು ಹನಿಸಿ, ಒಳಗಿನ ಮಡಕೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಸೆಯನ್ನಿಟ್ಟು, ಒದ್ದೆ ಬಟ್ಟೆ ಮುಚ್ಚಿ ನೆರಳಿನಲ್ಲಿಡುವುದು. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಒಳಗಿನ ಉಷ್ಣತೆ ಹೊರಗಿನದಕ್ಕಿಂತ ಕಡಿಮೆ ಇರುತ್ತದೆ. ನಮ್ಮ ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಮಳೆಗಾಲದ ತೇವದ ಗಾಳಿಯಲ್ಲಿ ಅಷ್ಟಾಗಿ ಮಾಡುವುದಿಲ್ಲ. ಫ್ರಿಜ್ಜಿಗೆ ಇದು ಸಮವಲ್ಲ. ಬಳಕೆಯಲ್ಲಿರುವ ಸೀಸೆಯನ್ನು, ಅದೂ ತೆರೆದ ದಿನದಿಂದ ನಾಲ್ಕು ವಾರದೊಳಗೆ ಮುಗಿಸುವುದಾದರೆ, ಕಾಪಾಡಿಕೊಳ್ಳಲು ಸಾಕು. ತೆರೆದ ದಿನಾಂಕವನ್ನು ಸೀಸೆಗೆ ಅಂಟಿಸಿದ ಪಟ್ಟಿಯ ಮೇಲೆ ಬರೆಯುವ ಅಭ್ಯಾಸವನ್ನು ಶಾಲೆಗೆ ಹೋಗುವ ಮೊಮ್ಮಕ್ಕಳಿಗೆ ಒಪ್ಪಿಸಿದ್ದೇವೆ, ಅವರು ಮರೆಯುವುದಿಲ್ಲ.

ಔಷಧದ ಮಾತು ಊಟದ ಮಾತಿಗೆ ಬಂದೇ ಬರುತ್ತದೆ. ಶ್ರಾವಣ ಶನಿವಾರಗಳಲ್ಲಿ ಒಪ್ಪೊತ್ತು ಇರುವವರು ಬೆಳಗಿನ ಊಟ ಬಿಟ್ಟು ಮಾತ್ರೆಯನ್ನು ಮಾತ್ರ ತಪ್ಪದೆ ನುಂಗುತ್ತಾರೆ. ವೈದ್ಯರು ಬಿಡಬೇಡಿ ಎಂದಿದ್ದಾರಲ್ಲಾ ಎಂಬುದು ಅವರ ನಿಷ್ಠೆ. ಊಟವಿಲ್ಲದೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರೆ ರಕ್ತದಲ್ಲಿ ಸಕ್ಕರೆ ವಿಪರೀತ ಇಳಿಯಬಹುದು. ರಂಜಾನ್ ಉಪವಾಸದವರದೂ ಇದೇ ಸಮಸ್ಯೆ. ಉಪವಾಸ ಬಿಡಿ ಎಂದು ಹೇಳಲು ನಾನು ಯಾರು? ಶ್ರಾವಣಕ್ಕೆ ಮೊದಲು, ರಂಜಾನಿಗೆ ಮೊದಲು, ಉಪವಾಸದ ದಿನ ಯಾವ ಮಾತ್ರೆ ಹೇಗೆ ಎಂದು ವೈದ್ಯರಿಂದ ಬರೆಸಿಕೊಂಡು ಬನ್ನಿ ಎಂದು ನೆನಪಿಸುತ್ತೇನೆ. ರಾಗಿ ಮುದ್ದೆ ಸಕ್ಕರೆ ಕಾಯಿಲೆಗೆ ಔಷಧವಿದ್ದಂತೆ, ಎಷ್ಟು ತಿಂದರೂ ಆಗುತ್ತದೆ ಎಂಬ ನಂಬಿಕೆಯೊಂದು ಬಲವಾಗಿದೆ. ರಾಗಿಯೂ ಧಾನ್ಯವೇ, ಅದರಲ್ಲಿಯೂ ಪಿಷ್ಟವಿದೆ, ಒಂದು ಮುದ್ದೆಗೂ ಮೂರು ಮುದ್ದೆಗೂ ವ್ಯತ್ಯಾಸವಿದೆ ಎಂದು ಹೇಳಿದಾಗ ಮುಖ ಸಣ್ಣದು ಮಾಡಿಕೊಂಡವರೇ ಹೆಚ್ಚು.

ನೋವಿನ ಮಾತ್ರೆಗಳ ಬಗ್ಗೆ ನನಗೆ ಭಯವಿದೆ ಎಂದೇ ಹೇಳುತ್ತೇನೆ. ನಮ್ಮ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳನ್ನು ನಂಬಿದ್ದ ಸೀಮೆ ಕೊಳವೆಬಾವಿಗೆ ತಿರುಗಿ, ಸಾವಿರ ಅಡಿಗೂ ಆಳದಿಂದ ನೀರೆತ್ತುವಂತಾಯಿತು, ಆ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಕುಡಿಯುವ ನೀರಿಗೆ ನಿಗದಿಯಾದ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿತು. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರ ಮಂಡಿ, ಸೊಂಟ, ಕುತ್ತಿಗೆಯಲ್ಲಿ ಬಿಗಿತ. ಕೀಲು ನೋಯುವ ಜನಕ್ಕೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್. ವಾರಕ್ಕೊಂದು ಮಾತ್ರೆಯ ಮಾತಲ್ಲ ಇದು, ವರ್ಷಗಟ್ಟಲೆ ಪ್ರತಿದಿನ. ಇವು ರಕ್ತದೊತ್ತಡ ಏರಿಸುತ್ತವೆ, ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೊದಲೇ ಸಕ್ಕರೆ, ಬಿ.ಪಿ. ಇದ್ದವರ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಹೊಟ್ಟೆ ಉರಿಗೆ ‘ಗ್ಯಾಸ್ ಮಾತ್ರೆ’ ನುಂಗಿ ನೋವಿನ ಮಾತ್ರೆಯನ್ನು ಮುಂದುವರಿಸುತ್ತಾರೆ. ಇನ್ನೂ ಕಷ್ಟದ್ದು, ಹೆಸರಿಲ್ಲದ ಕಾಗದದ ಪೊಟ್ಟಣದಲ್ಲಿ ಬಿಡಿಯಾಗಿ ಬರುವ ಪುಟ್ಟ ಬಿಳಿ ಮಾತ್ರೆ. ಮಂಡಿ ನೋವು ಎರಡೇ ದಿನದಲ್ಲಿ ಮಾಯವಾಯಿತು, ಮುಖ ದುಂಡಗಾಗಿದೆ, ಹಸಿವು ಹೆಚ್ಚಿದೆ ಎಂದರೆ ಅದು ಸ್ಟಿರಾಯ್ಡ್ ಇರಬಹುದೆಂಬ ಅನುಮಾನ ನನಗೆ ಬರುತ್ತದೆ. ಅದನ್ನು ದೀರ್ಘಕಾಲ ತಿಂದವರು ದಿಢೀರನೆ ನಿಲ್ಲಿಸುವುದೂ ಅಪಾಯ, ಆದ್ದರಿಂದ ಬಿಸಾಡಿ ಎಂದು ಹೇಳುವಂತಿಲ್ಲ. ಅದೇ ಪೊಟ್ಟಣದ ಸಮೇತ ಆಸ್ಪತ್ರೆಗೆ ಕರೆದೊಯ್ಯುವುದೊಂದೇ ದಾರಿ. 2018ರಿಂದ ಕೆ.ಸಿ. (ಕೋರಮಂಗಲ-ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆರೆಗಳಿಗೆ ಬರತೊಡಗಿ ಅಂತರ್ಜಲಕ್ಕೆ ಆಸರೆಯಾಗಿದೆ. ಕುಡಿಯುವುದಕ್ಕೆ ಮಾತ್ರ ಶುದ್ಧೀಕರಣ ಘಟಕದ ಕ್ಯಾನಿನ ನೀರನ್ನೇ ಬಳಸಿ, ಅಡುಗೆಗೂ ಅದನ್ನೇ ಹಾಕಿ ಎಂದು ಪ್ರತಿ ಮನೆಯಲ್ಲಿಯೂ ಹೇಳುತ್ತೇನೆ; ಕುಡಿಯಲು ಕ್ಯಾನು, ಬೇಳೆ ಬೇಯಿಸಲು ಕೊಳವೆಬಾವಿ ಎಂದಾದರೆ ಫ್ಲೋರೈಡ್ ಹೊಟ್ಟೆಗೆ ಹೋಗುವುದು ನಿಲ್ಲುವುದಿಲ್ಲ.

ಬೆಲೆಯ ವಿಷಯ ಬಂದಾಗ ನನ್ನ ಹಿಂದಿನ ವೃತ್ತಿ ನನ್ನೆದುರು ಬಂದು ನಿಲ್ಲುತ್ತದೆ. 1970ರ ಪೇಟೆಂಟ್ ಕಾಯ್ದೆ ಔಷಧದ ಮೇಲಿನ ಹಕ್ಕನ್ನು ಬಿಟ್ಟು ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟದ್ದರಿಂದ ನಮ್ಮ ದೇಶದ ಕಂಪನಿಗಳು ಬೇರೆ ವಿಧಾನದಲ್ಲಿ ಅದೇ ಔಷಧ ತಯಾರಿಸಿ ಅಗ್ಗವಾಗಿ ಕೊಡುವುದು ಸಾಧ್ಯವಾಯಿತು. 2005ರಲ್ಲಿ ಆ ನಿಯಮ ಬದಲಾಯಿತು. ಆ ಉದ್ಯಮದಲ್ಲಿ ದುಡಿದೆನೆಂಬ ಹೆಮ್ಮೆ ನನಗೆ ಇಂದಿಗೂ ಇದೆ. ಆದರೆ ಒಂದೇ ಅಣು, ಒಂದೇ ಮಿಲಿಗ್ರಾಂ, ಎರಡು ಬ್ರಾಂಡುಗಳ ನಡುವೆ ಹಲವು ಪಟ್ಟು ಬೆಲೆಯ ಅಂತರ ಏಕಿರುತ್ತದೆ ಎಂಬುದಕ್ಕೆ ಉತ್ತರದ ಒಂದು ಪಾಲು ನನ್ನಂಥವರ ಸಂಬಳ, ಪ್ರವಾಸ, ಪ್ರಚಾರಗಳಲ್ಲಿದೆ. ಕೂಲಿ ಮಾಡುವ ಹೆಂಗಸೊಬ್ಬರು ‘ತಿಂಗಳಲ್ಲಿ ಹದಿನೈದು ದಿನ ನುಂಗ್ತೀನಿ ಸಾರ್, ಅಷ್ಟಕ್ಕೇ ದುಡ್ಡಿರೋದು’ ಎಂದಾಗ ನಾನು ತಲೆ ತಗ್ಗಿಸಿದೆ. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಮಳಿಗೆಗಳಲ್ಲಿ ಅದೇ ಔಷಧ ಕಡಿಮೆ ಬೆಲೆಗೆ ಸಿಗುತ್ತದೆಂದು ಹೇಳಿದರೆ ಜನ ನಂಬುವುದಿಲ್ಲ. ಅಗ್ಗವಾದದ್ದು ಕೆಲಸ ಮಾಡುವುದಿಲ್ಲ ಎನ್ನುತ್ತಾರೆ. ನಾನು ಅಲ್ಲಿಂದಲೇ ಕೊಂಡ ನನ್ನ ಬಿ.ಪಿ. ಮಾತ್ರೆಯನ್ನು ಕಿಸೆಯಿಂದ ತೆಗೆದು ತೋರಿಸುತ್ತೇನೆ. ವಿವರಣೆಗಿಂತ ಅದು ಹೆಚ್ಚು ಒಪ್ಪಿಗೆಯಾಗಿದೆ. ಬದಲಿಸುವ ಮೊದಲು ವೈದ್ಯರನ್ನು ಕೇಳಿ, ಒಮ್ಮೆ ಬದಲಿಸಿದ ಮೇಲೆ ಹಳೆಯ ಸ್ಟ್ರಿಪ್ಪನ್ನು ಮನೆಯಲ್ಲಿಟ್ಟುಕೊಳ್ಳಬೇಡಿ ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ.

ಕ್ಷಯ ರೋಗಿಗಳು ಚೀಲ ಹಿಡಿದು ಡೈರಿಗೆ ಬರುವುದಿಲ್ಲ. ಅವರನ್ನು ಆಶಾ ಕಾರ್ಯಕರ್ತೆಯ ಜೊತೆ ಮನೆಗೇ ಹೋಗಿ ಕಾಣುತ್ತೇನೆ. ರಿಫಾಂಪಿಸಿನ್ ಇರುವ ಮಾತ್ರೆಯಿಂದ ಮೂತ್ರ ಕೆಂಪಾಗುತ್ತದೆ ಎಂದು ಮೊದಲೇ ಹೇಳಿದ್ದರೆ ಹೆದರಿ ಬಿಡುವವರ ಸಂಖ್ಯೆ ಕಡಿಮೆಯಾಗುತ್ತದೆ. ಎರಡು ತಿಂಗಳಲ್ಲಿ ಕೆಮ್ಮು ನಿಂತು ಮೈ ತುಂಬಿಕೊಂಡಾಗ, ಇನ್ನೂ ನಾಲ್ಕು ತಿಂಗಳು ಏಕೆ ಎಂಬ ಪ್ರಶ್ನೆ ಬರುವ ವೇಳೆಗೆ ನಾವು ಅಲ್ಲಿರಬೇಕು.

ಎಲ್ಲ ವೈದ್ಯರೂ ನನ್ನ ಹಾಳೆಗಳನ್ನು ಸ್ವಾಗತಿಸಲಿಲ್ಲ. ಒಬ್ಬರು ಅದನ್ನು ಮಡಚಿ ರೋಗಿಯ ಕೈಗೆ ಹಿಂದಿರುಗಿಸಿ, ಊರಿನಲ್ಲಿ ಡಾಕ್ಟರ್ ಇದ್ದಾರಂತಲ್ಲಾ, ಅವರಿಂದಲೇ ಗುಣ ಮಾಡಿಸಿಕೊಳ್ಳಿ ಎಂದರಂತೆ. ನನಗೆ ಬೇಸರವಾದರೂ ಅವರ ಕೋಪದಲ್ಲಿ ನ್ಯಾಯವಿತ್ತು: ನಾನು ಹಾಳೆಯ ಕೊನೆಯಲ್ಲಿ ‘ಈ ಎರಡರಲ್ಲಿ ಒಂದನ್ನು ನಿಲ್ಲಿಸಬಹುದು’ ಎಂದು ಬರೆದಿದ್ದೆ. ಅದು ನನ್ನ ಕಟ್ಟುಪಾಡನ್ನು ನಾನೇ ಮುರಿದಂತೆ. ಮರುದಿನ ಅವರ ಬಳಿ ಹೋಗಿ ಕ್ಷಮೆ ಕೇಳಿ, ಮುಂದೆ ಕಂಡದ್ದನ್ನು ಮಾತ್ರ ಬರೆಯುತ್ತೇನೆ, ಅಭಿಪ್ರಾಯ ಬರೆಯುವುದಿಲ್ಲ ಎಂದು ಹೇಳಿಬಂದೆ. ಈಗ ಅವರೇ ಹೊಸ ರೋಗಿಗಳಿಗೆ ‘ಮಂಗಳವಾರ ಚೀಲ ತೋರಿಸಿ ಹಾಳೆ ಬರೆಸಿಕೊಂಡು ಬಾ’ ಎನ್ನುತ್ತಾರೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಈ ಹಾಳೆಗಳ ನಕಲು ನನ್ನ ಬಳಿ ಇದ್ದದ್ದು ಉಪಯೋಗಕ್ಕೆ ಬಂದಿತು. ಯಾರ ಮಾತ್ರೆ ಯಾವ ವಾರ ಮುಗಿಯುತ್ತದೆ ಎಂದು ಪಟ್ಟಿ ಮಾಡಿ, ಪಂಚಾಯಿತಿಯಿಂದ ಪಾಸು ಪಡೆದ ಇಬ್ಬರು ಯುವಕರು ಬೈಕಿನಲ್ಲಿ ಮುಳಬಾಗಿಲಿಗೆ ಹೋಗಿ, ಪ್ರತಿಯೊಬ್ಬರ ಚೀಟಿಯನ್ನೂ ಮೆಡಿಕಲ್ ಅಂಗಡಿಯ ಫಾರ್ಮಸಿಸ್ಟರಿಗೆ ತೋರಿಸಿ ಔಷಧ ತರುತ್ತಿದ್ದರು. ನಾನು ಅರವತ್ತೈದು ದಾಟಿದ್ದರಿಂದ ಹೊರಗೆ ಹೋಗದೆ ಫೋನಿನಲ್ಲಿಯೇ ಕೆಲಸ ಮಾಡಿದೆ.

ಓದಲು ಬಾರದವರಿಗಾಗಿ ನಾವು ಮಾಡಿದ ಬಟ್ಟೆಯ ಚೀಲವನ್ನು ವಿವರಿಸಬೇಕು. ನಮ್ಮೂರಿನಲ್ಲಿ ರವಿಕೆ ಹೊಲಿಯುವ ಹೆಣ್ಣುಮಗಳೊಬ್ಬರು ಉಳಿದ ತುಂಡು ಬಟ್ಟೆಗಳಿಂದ ಎರಡು ಜೇಬಿನ ಚೀಲ ಹೊಲಿದುಕೊಟ್ಟರು: ಹಳದಿ ಜೇಬಿನ ಮೇಲೆ ಸೂರ್ಯ, ನೀಲಿ ಜೇಬಿನ ಮೇಲೆ ಚಂದ್ರ, ದಾರದಲ್ಲಿ ಕಸೂತಿ. ಬೆಳಗಿನ ಸ್ಟ್ರಿಪ್ಪುಗಳು ಸೂರ್ಯನ ಜೇಬಿಗೆ, ರಾತ್ರಿಯವು ಚಂದ್ರನಿಗೆ. ಮೊದಲು ನಾವು ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಯಲ್ಲಿ ಹಾಕಿಕೊಡಲು ಯೋಚಿಸಿದ್ದೆವು. ಟೆಲ್ಮಿಸಾರ್ಟನ್‌ನಂತಹ ಬಿ.ಪಿ. ಮಾತ್ರೆ ಗಾಳಿಯ ತೇವ ಹೀರಿ ಕೆಡುತ್ತದೆಂಬುದು ನನಗೆ ಕಂಪನಿಯ ದಿನಗಳಿಂದಲೇ ಗೊತ್ತಿದ್ದುದರಿಂದ ಅದನ್ನು ಕೈಬಿಟ್ಟೆವು. ಸ್ಟ್ರಿಪ್ಪಿನ ಯಾವ ತುದಿಯಲ್ಲಿ ಅವಧಿ ಮುಗಿಯುವ ದಿನಾಂಕ ಅಚ್ಚಾಗಿದೆಯೋ ಆ ತುದಿಯನ್ನು ಕೊನೆಯವರೆಗೆ ಉಳಿಸಿ, ಇನ್ನೊಂದು ತುದಿಯಿಂದ ಮಾತ್ರೆ ತೆಗೆಯಬೇಕೆಂದು ಕಲಿಸುತ್ತೇವೆ. ಅವಧಿ ಮುಗಿದವುಗಳನ್ನು ಕೆರೆಗಾಗಲಿ ತಿಪ್ಪೆಗಾಗಲಿ ಎಸೆಯಬಾರದೆಂದು ಡೈರಿಯಲ್ಲಿ ಒಂದು ಮುಚ್ಚಳದ ಡಬ್ಬ ಇಟ್ಟಿದ್ದೇವೆ. ಅದು ತುಂಬಿದಾಗ ಆಸ್ಪತ್ರೆಯವರು ತಮ್ಮ ಹಳದಿ ಚೀಲದ ಜೈವಿಕ ವೈದ್ಯಕೀಯ ತ್ಯಾಜ್ಯದ ಜೊತೆ ಸೇರಿಸಿಕೊಳ್ಳುತ್ತಾರೆ.

ಕೈ ತಪ್ಪಿದವರೂ ಇದ್ದಾರೆ. ನನ್ನ ಜೊತೆ ಪ್ರಾಥಮಿಕ ಶಾಲೆಯಲ್ಲಿ ಓದಿದ ಗೆಳೆಯನೊಬ್ಬ ಬಿ.ಪಿ. ಮಾತ್ರೆಯನ್ನು ಎರಡು ವರ್ಷ ಚಾಚೂ ತಪ್ಪದೆ ತೆಗೆದುಕೊಂಡ. ಅಳತೆ ಸರಿಯಾಗಿ ಬರತೊಡಗಿದ ಮೇಲೆ, ಗುಣವಾಯಿತಲ್ಲ ಎಂದು ಯಾರಿಗೂ ಹೇಳದೆ ಬಿಟ್ಟ. ಮಾತ್ರೆಯಿಂದಾಗಿ ಅಳತೆ ಸರಿಯಿದೆ ಎಂಬುದನ್ನು ನಾನು ಊರಿಗೆಲ್ಲ ಹೇಳಿದ್ದೆ. ಅವನಿಗೆ ಹೇಳುವ ಅಗತ್ಯವಿಲ್ಲವೆಂದುಕೊಂಡಿದ್ದೆ, ದಿನಾ ನೋಡುವ ಗೆಳೆಯ ತಾನೆ. ಮಾವಿನ ಕಾಲದಲ್ಲಿ ಒಂದು ಬೆಳಿಗ್ಗೆ ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತಿತು. ಈಗಲೂ ಅವನು ಜಗುಲಿಯ ಮೇಲೆ ನನ್ನ ಪಕ್ಕದಲ್ಲಿ ಕುಳಿತಿರುತ್ತಾನೆ. ಯಾರಾದರೂ ‘ಸರಿಹೋಯಿತು, ಬಿಟ್ಟೆ’ ಎಂದರೆ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ ತೋರಿಸುತ್ತಾನೆ.

ನನಗೀಗ ಎಪ್ಪತ್ತು ದಾಟಿದೆ, ಸ್ಟ್ರಿಪ್ಪಿನ ಸಣ್ಣ ಅಕ್ಷರ ಓದಲು ಭೂತಗಾಜು ಬೇಕು. ಡೈರಿಯ ಕಾರ್ಯದರ್ಶಿಯ ಮಗಳು ಡಿ.ಫಾರ್ಮ್ ಮುಗಿಸಿ ಫಾರ್ಮಸಿಸ್ಟಳಾಗಿ ನೋಂದಾಯಿಸಿಕೊಂಡಿದ್ದಾಳೆ. ಎರಡು ವರ್ಷ ನನ್ನ ಪಕ್ಕದಲ್ಲಿ ಕುಳಿತು ಬರೆದವಳು ಈಗ ತಾನೇ ಪ್ರಶ್ನೆ ಕೇಳುತ್ತಾಳೆ, ನಾನು ಹಾಳೆಯ ನಕಲು ತೆಗೆದಿಡುತ್ತೇನೆ. ಪಕ್ಕದ ಹಳ್ಳಿಯ ಡೈರಿಯವರೂ ಕರೆದಿದ್ದಾರೆ. ಬರುವ ಗುರುವಾರದಿಂದ ಅವಳು ಅಲ್ಲಿ ಚಾಪೆ ಹಾಸುತ್ತಾಳೆ. ಅದಕ್ಕೆಂದು ಇನ್ನೂ ನಲವತ್ತು ಚೀಲ ಹೊಲಿಯಲು ಕೊಟ್ಟಿದ್ದೇವೆ.